ಗ್ಯಾರೇಜಿನಲ್ಲಿ ಕೆಡದ ಕಾರು

ಸುಮ್ಮನೆ ಕೂತಿರುವಾಗ ನನ್ನ ಬಲಗೈಯ ಹೆಬ್ಬೆರಳೂ ತೋರುಬೆರಳೂ ಸೇರಿಕೊಂಡು, ಇಲ್ಲದ ಏನನ್ನೋ ಹಿಡಿದು ತಿರುಗಿಸುತ್ತವೆ. ಊಟಕ್ಕೆ ಕೂತಾಗ, ಯಾರದೋ ಮನೆಯ ನಾಮಕರಣದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಾಯುವಾಗ, ಬಸ್ಸಿನಲ್ಲಿ, ಎಲ್ಲ ಕಡೆಯೂ. ಮೊನ್ನೆ ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬಳು ನನ್ನ ಕೈಯನ್ನೇ ನೋಡಿ, "ವಾಯು ತೊಂದ್ರೆನಾ ಯಜಮಾನ್ರೆ?" ಎಂದು ಕೇಳಿದಳು. ವಾಯುವಲ್ಲ ತಾಯಿ, ಕಾರು ಎಂದರೆ ಅವಳಿಗೆ ಏನು ಅರ್ಥವಾದೀತು? ಹೌದವ್ವ ಎಂದುಬಿಟ್ಟೆ.

ನಿಮಗಾದರೆ ಹೇಳಬಹುದು. ನನ್ನ ಹತ್ತಿರ ಒಂದು ಹಳೆಯ ಬಿಳಿ ಕಾರಿದೆ. ಅದು ಕೆಲವು ಸಲ ಸ್ಟಾರ್ಟ್ ಆಗುತ್ತಿತ್ತು, ಕೆಲವು ಸಲ ಆಗುತ್ತಿರಲಿಲ್ಲ. ಆ 'ಕೆಲವು ಸಲ'ದ ದೆಸೆಯಿಂದ ನಾನು ಮುನೀರ್ ಎಂಬ ಒಬ್ಬ ಒಳ್ಳೆಯ ಮನುಷ್ಯನ ಹೆಸರಿಗೆ ಮಸಿ ಬಳಿದೆ. ಬಳಿಯುವುದಕ್ಕೆ ಒಂದು ಲೋಟ ಟೀ ಕುಡಿಯುವಷ್ಟು ಹೊತ್ತು ಸಾಕಾಯಿತು. ತೊಳೆಯುವುದಕ್ಕೆ ಹೊರಟೆ ನೋಡಿ, ಅದರ ಕಥೆ ಇದು. ಬೆರಳು ತಿರುಗುವುದು ಇನ್ನೂ ನಿಂತಿಲ್ಲ.

ಕಾರು ಸಿಕ್ಕಿದ್ದು ಕನಕಪುರದ ಒಬ್ಬ ನಿವೃತ್ತ ಮೇಷ್ಟರಿಂದ. ಅವರು ಅದನ್ನು ಮಗಳಂತೆ ಸಾಕಿದ್ದರು. ಕೊಡುವಾಗ ಬಾನೆಟ್ಟಿನ ಮೇಲೆ ಕೈಯಿಟ್ಟು, "ಬೆಳಿಗ್ಗೆ ಹೊತ್ತು ಒಸಿ ಸಮಾಧಾನವಾಗಿ ಎಬ್ಬಿಸಿ" ಎಂದರು. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ಆಮೇಲೆ ಜೀವನಪೂರ್ತಿ ಹಿಪ್ಪುನೇರಳೆ ಸೊಪ್ಪು ಕತ್ತರಿಸಿ ರೇಷ್ಮೆ ಹುಳಕ್ಕೆ ಹಾಕಿದವನು. ಹುಳಕ್ಕೆ ಜ್ವರ ಬಂದರೆ ಅದು ಸೊಪ್ಪು ಬಿಡುವುದರಲ್ಲೇ ಗೊತ್ತಾಗುತ್ತದೆ. ಕಾರು ಹಾಗಲ್ಲ. ನಿನ್ನೆ ಸಂಜೆ ಚೆನ್ನಾಗಿ ಓಡಿ ಮನೆಗೆ ಬಂದದ್ದು ಇವತ್ತು ಬೆಳಿಗ್ಗೆ ಕೀ ತಿರುಗಿಸಿದರೆ ಉಸಿರೆತ್ತುವುದಿಲ್ಲ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಉರಿಯುತ್ತದೆ, ಹಾರನ್ನು ಕೂಗುತ್ತದೆ, ಇಂಜಿನ್ನನ್ನು ಎಬ್ಬಿಸುವ ಸೆಲ್ಫ್ ಮಾತ್ರ 'ಕಟ್' ಅನ್ನುವುದಿಲ್ಲ. ಇಳಿದು ಒಂದು ಸುತ್ತು ಹಾಕಿ, ಬೈದು, ಮತ್ತೆ ಕೂತು ತಿರುಗಿಸಿದರೆ ಏನೂ ಆಗೇ ಇಲ್ಲವೆಂಬಂತೆ ಗುರ್ರೆಂದು ಎದ್ದುಬಿಡುತ್ತದೆ.

ಪೂರ್ತಿ ಕೆಟ್ಟ ವಸ್ತುವಿನ ಜೊತೆ ಬದುಕಬಹುದು. ಒಮ್ಮೆ ಸರಿ ಒಮ್ಮೆ ತಪ್ಪು ಇರುವುದರ ಜೊತೆ ಬದುಕುವುದು ಕಷ್ಟ. ರಾತ್ರಿ ಮಲಗಿದರೂ ನಾಳೆ ಆಗುತ್ತೋ ಇಲ್ಲವೋ ಎಂಬ ಯೋಚನೆ. ಎಲ್ಲೂ ಹೋಗಬೇಕಾಗಿಲ್ಲದ ದಿನವೂ ಎದ್ದ ತಕ್ಷಣ ಹೋಗಿ ಒಂದು ಸಲ ತಿರುಗಿಸಿ ನೋಡುವುದು. ಸ್ಟಾರ್ಟ್ ಆದರೆ 'ಸಂಜೆಗೆ ಕೈಕೊಡಬಹುದು' ಎಂಬ ಚಿಂತೆ, ಆಗದಿದ್ದರೆ 'ಈಗ ಇನ್ನೊಂದು ಸಲ ನೋಡೋಣ' ಎಂಬ ಚಿಂತೆ. ನನ್ನ ಹೆಂಡತಿ ಜಯಮ್ಮ ಒಂದು ದಿನ, "ಮಗೂಗೆ ಜ್ವರ ಬಂದಾಗ್ಲೂ ಇಷ್ಟು ಸಲ ಮುಟ್ಟಿ ನೋಡಿರ್ನಿಲ್ಲ ನೀವು" ಎಂದಳು. ಅದು ನಿಜ. ಮಗುವಿಗೆ ಜ್ವರ ಬಂದಾಗ ನಾನು ಹುಳದ ಮನೆಯಲ್ಲಿ ಇರುತ್ತಿದ್ದೆ.

ಊರಿನಲ್ಲಿ ಎಲ್ಲರೂ ಡಾಕ್ಟರುಗಳೇ. ಒಬ್ಬ ಬ್ಯಾಟರಿ ಎಂದ, ಒಬ್ಬ ಇಬ್ಬನಿ ಎಂದ, ಒಬ್ಬ ಕಾರು ನಿಲ್ಲಿಸುವ ದಿಕ್ಕು ಸರಿಯಿಲ್ಲ ಎಂದ. ದಿಕ್ಕು ಬದಲಾಯಿಸಿದೆ. ಮೂಗು ಪೂರ್ವಕ್ಕಿದ್ದರೂ ಅಷ್ಟೇ, ಪಶ್ಚಿಮಕ್ಕಿದ್ದರೂ ಅಷ್ಟೇ. ಜಯಮ್ಮನೇ ಒಂದು ಅಮಾವಾಸ್ಯೆ ನಿಂಬೆಹಣ್ಣು ನಿವಾಳಿಸಿ ಚಕ್ರದ ಕೆಳಗಿಟ್ಟಳು. ಅದರ ಮೇಲೆ ಚಕ್ರ ಹತ್ತಿಸಿಕೊಂಡು ಹೋಗಬೇಕಲ್ಲ, ಕಾರು ಹೊರಡಲೇ ಇಲ್ಲ. ನಿಂಬೆಹಣ್ಣು ಸಂಜೆಯವರೆಗೆ ಅಲ್ಲೇ ಇತ್ತು. ಆಮೇಲೆ ಉಪ್ಪಿನಕಾಯಿಗೆ ಆಗುತ್ತಾ ಎಂದು ನಾನು ಕೇಳಿ ಬೈಸಿಕೊಂಡೆ.

ಚನ್ನಪಟ್ಟಣದಲ್ಲಿ ಮುನೀರನ ಗ್ಯಾರೇಜು. ಗ್ಯಾರೇಜೆಂದರೆ ಒಂದು ಶೀಟಿನ ಮಾಡು, ಮುಂದೆ ಒಂದು ಹೊಂಗೆ ಮರ. ನಾನು ಮೊಪೆಡ್ ಇಟ್ಟಿದ್ದ ಕಾಲದಿಂದಲೂ ಅವನೇ ನನ್ನ ಮೆಕ್ಯಾನಿಕ್ಕು. ಆಗ ಅವನಿಗೆ ಮೀಸೆ ಮೂಡಿತ್ತಷ್ಟೆ, ಈಗ ಗಡ್ಡವೆಲ್ಲ ಬೆಳ್ಳಗಾಗಿದೆ. ನಮ್ಮ ವಿರೂಪಾಕ್ಷಿಪುರದ ಕಡೆಯ ಮುಕ್ಕಾಲು ಗಾಡಿಗಳು, ರಾಮನಗರದ ಮಾರ್ಕೆಟ್ಟಿಗೆ ರೇಷ್ಮೆ ಗೂಡು ಹೊರುವ ವ್ಯಾನುಗಳು, ಆಟೋಗಳು, ಎಲ್ಲ ಅವನ ಹೊಂಗೆ ಮರದ ಕೆಳಗೇ ನಿಲ್ಲುತ್ತಿದ್ದವು. ಅವನಿಗಿಂತ ಬುದ್ಧಿವಂತ ಮೆಕ್ಯಾನಿಕ್ಕುಗಳು ಚನ್ನಪಟ್ಟಣದಲ್ಲಿ ಇದ್ದರು. ಆದರೆ ಇವನು ಹಳೆಯದನ್ನು ಹೊಸದೆಂದು ಹೇಳುವವನಲ್ಲ ಎಂಬ ಒಂದು ಮಾತಿತ್ತು. ಆ ಮಾತೇ ಅವನ ಬೋರ್ಡು. ಬೇರೆ ಬೋರ್ಡು ಅವನ ಗ್ಯಾರೇಜಿಗೆ ಇರಲಿಲ್ಲ.

ಕಾರನ್ನು ಅಲ್ಲಿಗೆ ತೆಗೆದುಕೊಂಡು ಹೋದೆ. ಅವನು ಕೂತು ತಿರುಗಿಸಿದ. ಗುರ್ರ್. ಆಫ್ ಮಾಡಿ ಮತ್ತೆ ತಿರುಗಿಸಿದ. ಗುರ್ರ್.

"ಚೆನ್ನಾಗೈತಲ್ಲ ಗೌಡ್ರೆ."

"ಇಲ್ಲಿ ಚೆನ್ನಾಗೈತೆ ಕಣಪ್ಪ. ಮನೇಲಿ ಆಡ್ತದೆ."

"ಗ್ಯಾರೇಜ್ ಕಂಡ್ರೆ ಹೆದ್ರಿಕೆ ಇರ್ಬೇಕು. ನಮ್ಮ ಮನೆಯವಳೂ ಹಂಗೇ, ಆಸ್ಪತ್ರೆ ಬಾಗ್ಲಿಗೆ ಹೋದ್ರೆ ಮಂಡಿ ನೋವು ಮಾಯ."

ಟರ್ಮಿನಲ್ ಬಿಚ್ಚಿ ಉಜ್ಜಿ ಹಾಕಿದ. ವೈರುಗಳನ್ನು ಎಳೆದು ನೋಡಿದ. ಎರಡು ದಿನ ಸರಿ ಹೋಯಿತು, ಮೂರನೇ ದಿನ ಮತ್ತೆ ಅದೇ. ಮತ್ತೆ ಹೋದೆ. ಅಲ್ಲಿ ಮತ್ತೆ ಗುರ್ರ್. ಹೀಗೆ ಎಷ್ಟು ಸಲ ಹೋಗಿಬಂದೆನೋ. "ಒಂದೇ ಒಂದ್ಸಲ ನನ್ ಮುಂದೆ ಕೆಟ್ಟು ತೋರಿಸ್ಲಿ ಗೌಡ್ರೆ, ಹಿಡ್ಕೊಂಬುಡ್ತೀನಿ" ಎನ್ನುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಸೆಲ್ಫನ್ನೇ ಬದಲಾಯಿಸು ಎಂದೆ. ಬೇಡ, ಒಸಿ ತಡೆಯಿರಿ, ಕಾಯಿಲೆ ಕಾಣದೆ ಔಷಧಿ ಹಾಕಬಾರದು ಎಂದ. ನಾನು ಹಟ ಹಿಡಿದೆ. ಹಾಕಿಸಿದ್ದು ನಾನು, ಇದನ್ನು ನೀವು ನೆನಪಿಡಿ. ಅವನು ಹೊಸ ಸೆಲ್ಫ್ ತರಿಸಿ ಹಾಕುವ ಹೊತ್ತಿಗೆ ನಾನು ಬಸ್ ಸ್ಟ್ಯಾಂಡಿನ ಹತ್ತಿರ ಮಸಾಲೆ ದೋಸೆ ತಿನ್ನುತ್ತಿದ್ದೆ.

ಈಗ ಒಂದು ವಿಷಯ ಹೇಳಬೇಕು. ಕಾರಿಗೂ ಇದಕ್ಕೂ ಸಂಬಂಧವಿಲ್ಲ ಅನ್ನಿಸಬಹುದು. ನನಗೂ ಬಹಳ ದಿನ ಹಾಗೇ ಅನ್ನಿಸಿತ್ತು.

ನಮ್ಮ ಮನೆಯಲ್ಲಿ ಬೀಗದ ಕೈಗಳೆಲ್ಲ ಯಜಮಾನನ ಸೊಂಟದಲ್ಲಿ ಇರಬೇಕು. ನಮ್ಮಪ್ಪ ಉಡಿದಾರಕ್ಕೆ ಕಟ್ಟಿಕೊಳ್ಳುತ್ತಿದ್ದ. ಉಗ್ರಾಣದ್ದು ಕಬ್ಬಿಣದ ಬೀಗದ ಕೈ, ಗೇಣುದ್ದ. ಅವನು ನಡೆದರೆ ತೊಡೆಗೆ ಬಡಿದು ಒಂದು ಸಪ್ಪಳ ಬರುತ್ತಿತ್ತು. ಆ ಸಪ್ಪಳ ಹಿತ್ತಿಲ ಕಡೆ ಹೋದರೆ ನಾವು ಹುಡುಗರು ನಡುಮನೆಯಲ್ಲಿ ಕುಣಿಯುತ್ತಿದ್ದೆವು, ಜಗಲಿ ಕಡೆ ಬಂದರೆ ಪುಸ್ತಕ ಹಿಡಿಯುತ್ತಿದ್ದೆವು. ಅವ್ವನಿಗೆ ಒಂದು ಅಚ್ಚು ಬೆಲ್ಲ ಬೇಕಾದರೂ ಹೊಲದ ತನಕ ಆಳು ಕಳಿಸಬೇಕು. ಅಪ್ಪ ಗದ್ದೆಯಿಂದ ಕೆಸರುಗಾಲಲ್ಲೇ ಬಂದು, ಬಾಗಿಲು ತೆಗೆದು, ಬೆಲ್ಲ ಕೊಟ್ಟು, ಬೀಗ ಹಾಕಿ, ಜಗ್ಗಿ ನೋಡಿ ಹೋಗುತ್ತಿದ್ದ. ಬೀಗದ ಕೈ ಕೊಟ್ಟು ಕಳಿಸಿದ್ದರೆ ಅವನ ನಡಿಗೆ ಉಳಿಯುತ್ತಿತ್ತು. ಆದರೆ ಹಾಗೆ ಕೊಡುವ ಪದ್ಧತಿಯಿರಲಿಲ್ಲ. ಒಂದು ಸಲ ನಾನು ಅವನು ನಿದ್ದೆ ಹೋಗಿದ್ದಾಗ ಆ ಗಂಟನ್ನು ಸುಮ್ಮನೆ ಮುಟ್ಟಿದೆ. ಕಣ್ಣು ಮುಚ್ಚಿಕೊಂಡೇ ನನ್ನ ಮುಂಗೈ ಹಿಡಿದ. ಅಷ್ಟು ಎಚ್ಚರದ ನಿದ್ದೆ!

ಇನ್ನೊಂದು ಪದ್ಧತಿ, ಬೀಗದ ಕೈ ಬಿಸಾಡಬಾರದು. ಬೀಗ ಮುರಿದುಹೋಗಲಿ, ಬಾಗಿಲೇ ಬಿದ್ದುಹೋಗಲಿ, ಕೈ ಮಾತ್ರ ಗೊಂಚಲಿನಲ್ಲಿ ಇರಬೇಕು. ಬಿಸಾಡಿದರೆ ಮನೆಯ ಲಕ್ಷ್ಮಿ ಆ ಬಾಗಿಲಿನಿಂದ ಹೋಗುತ್ತಾಳೆ ಎಂದು ಅವ್ವ ಹೇಳುತ್ತಿದ್ದಳು. ಹೀಗಾಗಿ ನನಗೆ ಬಂದ ಗೊಂಚಲಿನಲ್ಲಿ ಕೆಡವಿದ ಹಳೆ ಹುಳದ ಮನೆಯದು, ಮಾರಿದ ಸೈಕಲಿನದು, ಮುಚ್ಚಿದ ಬಾವಿಯ ಪಂಪಿನ ಪೆಟ್ಟಿಗೆಯದು, ಯಾವುದರದ್ದೆಂದು ಗೊತ್ತೇ ಇಲ್ಲದ್ದು ಕೆಲವು, ಎಲ್ಲ ಇದ್ದವು. ಜೊತೆಗೆ ಬದುಕಿರುವ ಬೀಗಗಳವು: ಮುಂಬಾಗಿಲು, ಹಿತ್ತಿಲು, ಬೀರು, ಹುಳದ ಮನೆ. ಇವನ್ನೆಲ್ಲ ಪೋಣಿಸಿದ್ದು ನಮ್ಮ ಮಾವ ಮಾಗಡಿಯಲ್ಲಿ ಕೊಡಿಸಿದ ಹಿತ್ತಾಳೆಯ ಉಂಗುರಕ್ಕೆ. ಉಡಿದಾರ ತಡೆಯುವ ಭಾರವಲ್ಲ. ಕಾರು ಬಂದ ಮೇಲೆ ಕಾರಿನ ಕೀಯನ್ನೂ ಅದಕ್ಕೇ ಪೋಣಿಸಿದೆ. ಮುಂಚೆ ಜೇಬು ಹರಿಯುತ್ತಿತ್ತು, ಈಗ ಸ್ಟಿಯರಿಂಗಿನ ಕೆಳಗೆ ನೇತಾಡಿಕೊಂಡಿರಲಿ, ಒಳ್ಳೆಯದೇ ಆಯಿತು ಎಂದುಕೊಂಡೆ. ತಿರುವಿನಲ್ಲಿ ಅದು ನನ್ನ ಮಂಡಿಗೆ ಬಡಿದು ಸಪ್ಪಳ ಮಾಡುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಆ ಸಪ್ಪಳ ಇಷ್ಟವಾಗುತ್ತಿತ್ತು.

ಕಾರಿನ ವಿಷಯಕ್ಕೆ ಬರುತ್ತೇನೆ.

ಹೊಸ ಸೆಲ್ಫ್ ಹಾಕಿಸಿದ ಮೇಲೂ ಒಂದು ಬೆಳಿಗ್ಗೆ ಕಾರು ಏಳಲಿಲ್ಲ. ಫೋನು ಮಾಡಿದೆ. ಮುನೀರ ಪಾಪ, ಇದ್ದ ಕೆಲಸ ಬಿಟ್ಟು, "ಮುಟ್ಬೇಡಿ, ಹಂಗೇ ಬುಡಿ, ನಾನೇ ಬತ್ತೀನಿ" ಎಂದು ಸ್ಕೂಟರಿನಲ್ಲಿ ನಮ್ಮೂರಿಗೇ ಬಂದ. ಅಷ್ಟರಲ್ಲಿ ಬೀದಿಯವರೆಲ್ಲ ಸೇರಿದ್ದರು. ನಾನು ಕೀ ಕೊಟ್ಟೆ. ಅವನು ಕೂತು, ಮನಸ್ಸಿನಲ್ಲಿ ಏನೋ ಹೇಳಿಕೊಂಡು, ತಿರುಗಿಸಿದ.

ಗುರ್ರ್.

ಬೀದಿಯವರು ಹೋ ಎಂದು ನಕ್ಕರು. "ಗೌಡ್ರಿಗೇ ಸರ್ವಿಸ್ ಮಾಡ್ಸಬೇಕು ಕಣೋ ಮುನೀರಾ!" ಎಂದ ಯಾರೋ. ಮುನೀರನೂ ನಕ್ಕ. ನಗಬಾರದಿತ್ತು ಅವನು. ಅವನು ನಗದೇ ಇದ್ದಿದ್ದರೆ ನಾನು ಅಷ್ಟು ಕೆಟ್ಟವನಾಗುತ್ತಿರಲಿಲ್ಲವೇನೋ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಕೆಟ್ಟವನಾಗುವವನಿಗೆ ಯಾವುದಾದರೂ ಒಂದು ನೆಪ ಸಿಕ್ಕುತ್ತದೆ.

ಆವತ್ತು ಸಂಜೆ ವಿರೂಪಾಕ್ಷಿಪುರದಲ್ಲಿ ಶಿವಣ್ಣನ ಟೀ ಅಂಗಡಿಗೆ ಹೋದೆ. ಶಿವಣ್ಣ ನನ್ನ ಜೊತೆ ಹೈಸ್ಕೂಲು ಓದಿದವನು. ಗೂಡಿನ ವ್ಯಾನು ಓಡಿಸುವ ಕೆಂಪಣ್ಣ ಅಲ್ಲೇ ಕೂತಿದ್ದ, ಇನ್ನೂ ನಾಲ್ಕಾರು ಜನ ಇದ್ದರು. ಬೆಳಗಿನ ಸುದ್ದಿ ನನಗಿಂತ ಮುಂಚೆ ಅಲ್ಲಿಗೆ ಬಂದಿತ್ತು.

"ಏನ್ಲಾ ಗೌಡ, ನಿನ್ ಕಾರ್ಗೆ ಮುನೀರ ಬಂದು ಕೆನ್ನೆ ಸವರಿದ್ಮೇಲೆ ಎದ್ದಂತೆ?" ಎಂದ ಶಿವಣ್ಣ.

ಎಲ್ಲರೂ ಕಿಸಕ್ಕೆಂದರು. ನನಗೆ ಮೈಯೆಲ್ಲ ಉರಿಯಿತು. ಲೋಟ ಕೆಳಗಿಟ್ಟು ಹೇಳಿದೆ: "ಎದ್ದೇ ಏಳ್ತದೆ. ಹೊಸ ಸೆಲ್ಫು ಅಂತ ಹಳೇದ್ನ ಬಣ್ಣ ಹೊಡ್ದು ಹಾಕವ್ನೆ. ಅದ್ಕೇ ಅದು ಅವನ್ ಮಾತು ಕೇಳ್ತದೆ, ನನ್ ಮಾತು ಕೇಳಲ್ಲ."

ನಗು ನಿಂತಿತು. ನಾನು ಬಯಸಿದ್ದು ಅದನ್ನೇ. ಅದು ನಿಂತ ಸಂತೋಷದಲ್ಲಿ ಇನ್ನೂ ಎರಡು ಮಾತು ಸೇರಿಸಿದೆ.

ಕೆಂಪಣ್ಣ ಗಲ್ಲ ಕೆರೆದುಕೊಂಡು, "ಹಂಗಾ? ಹೋದ್ ತಿಂಗ್ಳು ನನ್ ವ್ಯಾನ್ಗೆ ಒಂದು ಬೇರಿಂಗ್ ಹಾಕ್ದ. ಅದೂ ಯಾಕೋ ಸದ್ದು ಬತ್ತಾ ಐತೆ" ಎಂದ.

"ನೋಡ್ಕೊ ಮತ್ತೆ" ಎಂದೆ ನಾನು.

ಈ 'ನೋಡ್ಕೊ ಮತ್ತೆ' ಇದೆಯಲ್ಲ, ಅದನ್ನು ನೆನೆದರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಮೊದಲು ಹೇಳಿದ್ದು ಕೋಪದಲ್ಲಿ ಬಂದ ಮಾತು. ಇದು ಕೋಪವಿಲ್ಲದೆ ಹೇಳಿದ್ದು.

ಆಮೇಲಿನದನ್ನು ನಾನು ನೋಡುತ್ತಲೇ ಇದ್ದೆ. ಚನ್ನಪಟ್ಟಣಕ್ಕೆ ಹೋದಾಗಲೆಲ್ಲ ಹೊಂಗೆ ಮರದ ಕೆಳಗೆ ಗಾಡಿಗಳು ಕಡಿಮೆಯಾಗುತ್ತಿದ್ದವು. ಕೆಂಪಣ್ಣನ ವ್ಯಾನು ಹೈವೇ ಪಕ್ಕದ ದೊಡ್ಡ ಗ್ಯಾರೇಜಿನಲ್ಲಿ ನಿಂತಿರುತ್ತಿತ್ತು. ಅವನ ಹಿಂದೆ ಬೇರೆ ವ್ಯಾನಿನವರೂ ಹೋದರು. ನಾನು ಬಸ್ಸಿನ ಕಿಟಕಿಯಿಂದ ನೋಡಿ ಮುಖ ತಿರುಗಿಸಿಕೊಳ್ಳುತ್ತಿದ್ದೆ. ಮುನೀರ ಹೊಂಗೆ ಮರಕ್ಕೆ ಒರಗಿ ಕೂತಿರುತ್ತಿದ್ದ. ಕೂರುವವನೇ ಅಲ್ಲ ಅವನು.

ಜಯಮ್ಮನ ತಂಗಿಯ ಮೊಮ್ಮಗುವನ್ನು ನೋಡಲು ಕಲ್ಯಕ್ಕೆ ಹೊರಟ ದಿನ ಎಲ್ಲ ಬಯಲಾಯಿತು. ಅವಳು ರೇಷ್ಮೆ ಸೀರೆ ಉಟ್ಟು, ಮಡಿಲಲ್ಲಿ ಕೊಬ್ಬರಿ ಸಕ್ಕರೆ ಇಟ್ಟುಕೊಂಡು ಕಾರಿನಲ್ಲಿ ಕೂತಿದ್ದಳು. ನಾನು ಕೀ ತಿರುಗಿಸಿದೆ. ಇಲ್ಲ. ಇನ್ನೊಮ್ಮೆ. ಇಲ್ಲ. ಬೆವರು ಬಂತು.

"ಇಗಾ," ಎಂದಳು ಅವಳು, "ಹಾಲು ಒಲೆ ಮೇಲೆ ಇಟ್ಟಿದ್ನಾ, ಇಳ್ಸಿದ್ನಾ, ಗ್ಯಾಪ್ನಕ್ಕೆ ಬತ್ತಾ ಇಲ್ಲ. ಬೀಗ್ದಕೈ ಕೊಡಿ, ನೋಡ್ಕಂಡ್ ಬತ್ತೀನಿ."

ಬೇರೆ ದಿನವಾಗಿದ್ದರೆ ನಾನೇ ಇಳಿದು ಹೋಗುತ್ತಿದ್ದೆ. ಆವತ್ತು ಮಂಡಿ ಹಿಡಿದುಕೊಂಡಿತ್ತು. ಮೇಲಾಗಿ ಕಾರಿನ ಕೀ ಬಿಟ್ಟು ಏಳುವ ಮನಸ್ಸಿರಲಿಲ್ಲ. ಕಾರಿನ ಕೀಯೊಂದನ್ನು ಬಿಚ್ಚಿಟ್ಟುಕೊಂಡು ಗೊಂಚಲನ್ನು ಅವಳ ಕೈಗೆ ಕೊಟ್ಟೆ. ಅವಳು ಅದನ್ನೂ ನನ್ನ ಮುಖವನ್ನೂ ಒಂದು ಸಲ ನೋಡಿ ಹೋದಳು. ನಾನು ಬರಿ ಕೀಯನ್ನು ಹಾಕಿ, ಮಾಡಲು ಬೇರೇನೂ ಇಲ್ಲದ್ದಕ್ಕೆ, ತಿರುಗಿಸಿದೆ.

ಗುರ್ರ್.

ಅವಳು ಬಂದಳು. ಹಾಲು ಇಳಿಸಿಯೇ ಇಟ್ಟಿದ್ದಳಂತೆ. ನಾನು ಆಫ್ ಮಾಡಿ, ಕೀಯನ್ನು ಗೊಂಚಲಿಗೆ ಸೇರಿಸಿ ಮತ್ತೆ ತಿರುಗಿಸಿದೆ. ಇಲ್ಲ. ಬಿಚ್ಚಿ ತಿರುಗಿಸಿದೆ. ಗುರ್ರ್.

ಜಯಮ್ಮ ಇದನ್ನೆಲ್ಲ ನೋಡಿ, "ನಾನು ಇನ್ನೊಂದ್ಸಲ ಹಾಲು ನೋಡ್ಕಂಡ್ ಬರ್ಲಾ?" ಎಂದಳು.

ಆವತ್ತು ನಾವು ಕಲ್ಯಕ್ಕೆ ಹೋಗಲಿಲ್ಲ. ರೇಷ್ಮೆ ಸೀರೆಯಲ್ಲೇ ಅವಳು ಪಕ್ಕದ ಸೀಟಿನಿಂದ ಬಗ್ಗಿ ಗೊಂಚಲನ್ನು ಅಂಗೈಯಲ್ಲಿ ಎತ್ತಿ ಹಿಡಿಯುವುದು, ನಾನು ತಿರುಗಿಸುವುದು. "ಎತ್ತು." ಗುರ್ರ್. "ಬುಡು." ಸದ್ದಿಲ್ಲ. "ಎತ್ತು." ಗುರ್ರ್. ಬಿಟ್ಟಾಗಲೂ ಎಲ್ಲ ಸಲ ಕೆಡುತ್ತಿರಲಿಲ್ಲ. ಗೊಂಚಲು ಒಂದು ರೀತಿಯಲ್ಲಿ ತೂಗಿದರೆ ಆಗುತ್ತಿತ್ತು, ಇನ್ನೊಂದು ರೀತಿಯಲ್ಲಿ ಜಗ್ಗಿದರೆ ಇಲ್ಲ. ಇಷ್ಟು ವರ್ಷ ಆ ಭಾರವನ್ನು ಹೊತ್ತು ಹೊತ್ತು ಕೀ ಹಾಕುವ ಸ್ವಿಚ್ಚು ಒಳಗೇ ಸವೆದು, ಓರೆಯಾಗಿ, ತನಗೆ ಅನುಕೂಲವಾದಾಗ ಮಾತ್ರ ಕರೆಂಟು ಬಿಡುತ್ತಿತ್ತು. ಸೆಲ್ಫಿಗೂ ಇದಕ್ಕೂ ಸಂಬಂಧವೇ ಇಲ್ಲ. ನನಗೆ ಪರೀಕ್ಷೆಯಲ್ಲಿ ಲೆಕ್ಕದ ಉತ್ತರ ಬಂದಷ್ಟು ಖುಷಿಯಾಯಿತು. ಆ ಖುಷಿ ಹೆಚ್ಚು ಹೊತ್ತು ಇರಲಿಲ್ಲ.

ಯಾಕೆಂದರೆ ಜಯಮ್ಮ ಕೇಳಿದಳು: "ಹಂಗಾದ್ರೆ ಮುನೀರನ ಹತ್ರ ಯಾಕೆ ಒಂದಿನಾನೂ ಕೆಡ್ಲಿಲ್ಲ?"

ನನಗೆ ಉತ್ತರ ಗೊತ್ತಿತ್ತು. ಗ್ಯಾರೇಜಿಗೆ ಹೋದಾಗಲೆಲ್ಲ ನಾನು ಇಳಿದು, ಸ್ವಲ್ಪ ಆಚೆ ತಿರುಗಿಕೊಂಡು, ಗೊಂಚಲಿನಿಂದ ಕಾರಿನ ಕೀ ಒಂದನ್ನೇ ಬಿಚ್ಚಿ ಅವನಿಗೆ ಕೊಡುತ್ತಿದ್ದೆ. ಅವನು ನಮ್ಮೂರಿಗೆ ಬಂದ ದಿನವೂ ಹಾಗೇ. ಮನೆಯ ಬೀಗದ ಕೈ, ಬೀರುವಿನ ಬೀಗದ ಕೈ ಗ್ಯಾರೇಜಿನವನ ಕೈಗೆ ಕೊಡುವುದುಂಟೆ? ಅಚ್ಚು ತೆಗೆದು ಇನ್ನೊಂದು ಕೈ ಮಾಡಿಸಿಬಿಟ್ಟರೆ? ಮುನೀರನ ಮೇಲೆ ಅಂಥ ಅನುಮಾನ ನನಗಿರಲಿಲ್ಲ ಎಂದು ನಿಮ್ಮ ಮುಂದೆ ಹೇಳಲು ಆಸೆ. ಇರಲಿಲ್ಲ ಎಂದೂ ಹೇಳಲಾರೆ, ಇತ್ತು ಎಂದೂ ಹೇಳಲಾರೆ. ಕೈ ತಾನಾಗಿ ಬಿಚ್ಚುತ್ತಿತ್ತು, ಅಷ್ಟು ಮಾತ್ರ ನಿಜ. ಕಾಯಿಲೆಯನ್ನು ನಾನು ಜೇಬಿನಲ್ಲಿ ಇಟ್ಟುಕೊಂಡು ಬರಿ ಕಾರನ್ನು ಅವನ ಮುಂದೆ ನಿಲ್ಲಿಸುತ್ತಿದ್ದೆ.

ಮಾರನೇ ದಿನ ಹೋದೆ. ಮುನೀರ ಮರದ ಕೆಳಗೆ ಕೂತಿದ್ದವನು ಏಳಲಿಲ್ಲ. ಟೀ ಅಂಗಡಿಯ ಮಾತು ಅವನನ್ನು ಮುಟ್ಟಿರುವುದು ಆ ಏಳದಿರುವುದರಲ್ಲೇ ಗೊತ್ತಾಯಿತು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ, ಸೆಲ್ಫು, ಬಣ್ಣ ಹೊಡೆದದ್ದು, 'ನೋಡ್ಕೊ ಮತ್ತೆ', ಗೊಂಚಲು, ಒಂದನ್ನೂ ಬಿಡದೆ. ಅವನು ಒಂದು ಕಡ್ಡಿಯಿಂದ ನೆಲದ ಮೇಲಿನ ಗ್ರೀಸನ್ನು ಕೆದಕುತ್ತಿದ್ದ.

"ನೀವು ಆ ಕಡೆ ತಿರುಗ್ಕೊಂಡು ಚಾವಿ ಬಿಚ್ಚೋದು ನೋಡಿದ್ದೆ ಗೌಡ್ರೆ" ಎಂದ ಕಡೆಗೆ. "ಪ್ರತಿ ಸಲಾನೂ ನೋಡಿದ್ದೆ. ಯಾಕೆ ಬಿಚ್ತೀರ, ಹಂಗೇ ಕೊಡಿ ಅಂತ ಬಾಯಿಗೆ ಬಂದಿತ್ತು. ಕೇಳಿದ್ರೆ ನಿಮಗೆ ನಾಚಿಕೆ ಆಗ್ತದೇನೋ ಅಂತ ಸುಮ್ನಾದೆ. ಅವತ್ತೇ ಕೇಳಿದ್ರೆ ಆವತ್ತೇ ಸಿಕ್ತಿತ್ತು."

"ತಪ್ಪಾಯ್ತು ಕಣಪ್ಪ, ಮುನೀರಾ" ಎಂದೆ.

"ನನ್ ಹತ್ರ ಹೇಳಿ ಏನ್ ಬಂತು? ನಾನು ಹಳೇದು ಹಾಕಿಲ್ಲ ಅಂತ ನನಗೆ ಮೊದ್ಲೇ ಗೊತ್ತಲ್ಲ. ಎಲ್ಲಿ ಹೇಳಿದ್ರೋ ಅಲ್ಲಿ ಹೇಳಿ."

ಸ್ವಿಚ್ಚು ಬದಲಾಯಿಸು ಎಂದೆ. ಅವನು ತಲೆಯಾಡಿಸಿದ. "ಈಗ್ಲೇ ಬೇಡ. ಅದು ಕೆಡೋದನ್ನ ಅವ್ರು ನೋಡ್ಲಿ. ಆಮೇಲೆ ಬನ್ನಿ."

ಶಿವಣ್ಣನ ಅಂಗಡಿಗೆ ಹೋದೆ. ಎಲ್ಲರೂ ಇದ್ದರು. ನಿಂತು ಹೇಳಿದೆ: ಮುನೀರ ಹಾಕಿದ್ದು ಹೊಸ ಸೆಲ್ಫೇ. ತಪ್ಪು ನನ್ನದು. ನಾನು ಆವತ್ತು ಹೇಳಿದ್ದು ಸುಳ್ಳು.

ಆಮೇಲೆ ಕೆಂಪಣ್ಣ ತನ್ನ ಪಕ್ಕದವನಿಗೆ ಹೇಳಿದ: "ನೋಡ್ಲಾ, ದೊಡ್ಡ ಮನುಸ್ರು ಅಂದ್ರೆ ಇವ್ರು. ಮೋಸ ಹೋಗಿದ್ರೂ ಪಾಪ, ಅವನ್ ಹೊಟ್ಟೆ ಮೇಲೆ ಹೊಡೀಬಾರ್ದು ಅಂತ ತಾವೇ ಮೈಮೇಲೆ ಹಾಕ್ಕೊತಾವ್ರೆ."

"ಅಯ್ಯೋ ಅಲ್ಲ ಕಣ್ರಪ್ಪ!" ಎಂದೆ.

"ಸುಮ್ಕಿರಿ ಗೌಡ್ರೆ, ನಮಗೆ ಗೊತ್ತಾಯ್ತದೆ."

"ಅವ್ನು ಬಂದು ಕಾಲಿಗೆ ಬಿದ್ದಿರ್ಬೇಕು," ಎಂದ ಶಿವಣ್ಣ, ಟೀ ಎತ್ತಿ ಹುಯ್ಯುತ್ತಾ, "ಇವನಿಗೆ ಕರುಳು ಚುರುಕ್ ಅಂದಿರ್ಬೇಕು. ಹೈಸ್ಕೂಲಲ್ಲೂ ಹಂಗೇ ಇವ್ನು."

ಹೈಸ್ಕೂಲಿನಲ್ಲಿ ನಾನು ಹಾಗಿರಲಿಲ್ಲ. ಶಿವಣ್ಣನ ಪೆನ್ನು ಕದ್ದು, ಅವನ ಜೊತೆಗೇ ಸೇರಿ ಹುಡುಕಿದವನು. ಅದನ್ನು ಆಗ ಹೇಳಿದರೂ ದೊಡ್ಡತನಕ್ಕೇ ಸೇರಿಸುತ್ತಿದ್ದರು. ಸುಳ್ಳು ಹೇಳಿದಾಗ ಒಬ್ಬನೂ ಒಂದು ಪ್ರಶ್ನೆ ಕೇಳಿರಲಿಲ್ಲ. ನಿಜ ಹೇಳಿದರೆ ಹೂಂ ಎನ್ನುವವನಿಲ್ಲ. ಕೆಟ್ಟದ್ದೆಂದರೆ, ನನಗೆ ಇನ್ನಷ್ಟು ಒಳ್ಳೆಯ ಹೆಸರು ಬಂತು, ಮುನೀರನಿಗೆ ಇನ್ನಷ್ಟು ಕೆಟ್ಟದ್ದು.

"ಬನ್ನಿ, ತೋರಿಸ್ತೀನಿ" ಎಂದು ಎಲ್ಲರನ್ನೂ ಕಾರಿನ ಹತ್ತಿರ ಎಳೆದುಕೊಂಡು ಹೋದೆ. ಗೊಂಚಲನ್ನು ಎತ್ತಿ ತೋರಿಸಿ, ಇದು ನೇತಾಡಿದರೆ ಕಾರು ಆಗುವುದಿಲ್ಲ, ನೋಡಿ ಎಂದು ತಿರುಗಿಸಿದೆ.

ಗುರ್ರ್.

ಮತ್ತೆ. ಗುರ್ರ್. ಅಲ್ಲಾಡಿಸಿ, ಜಗ್ಗಿ, ಓರೆ ಮಾಡಿ ತಿರುಗಿಸಿದೆ. ಮದುವೆಯ ಹೊಸ ಗಾಡಿಯಂತೆ ಒಂದೇ ಕ್ಷಣಕ್ಕೆ ಎದ್ದು ನಿಲ್ಲುತ್ತಿತ್ತು. ನನ್ನ ಮುಂದೆ ಕೂತು ಮುನೀರ ಪಟ್ಟ ಪಾಡು ಆಗ ನನಗೆ ತಿಳಿಯಿತು. ಕೆಡು ಎಂದು ಬೇಡಿಕೊಂಡರೂ ಕೆಡದ ಕಾರಿನಲ್ಲಿ, ಸುತ್ತ ನಗುವವರ ನಡುವೆ ಕೂತಿರುವುದು ಏನೆಂದು. ಜನ ಕೆಮ್ಮುತ್ತಾ ಟೀಗೆ ಹೋದರು.

ಅಲ್ಲಿಂದ ನನಗೆ ಅದೊಂದೇ ಕೆಲಸವಾಯಿತು. ದಿನಾ ಬೆಳಿಗ್ಗೆ ಎದ್ದು ಮನೆಯಿಂದ ಗೊಂಚಲು ಎತ್ತಿ ಹಿಡಿದು ಸ್ಟಾರ್ಟ್ ಮಾಡಿ, ಶಿವಣ್ಣನ ಅಂಗಡಿ ಮುಂದೆ ತಂದು ನಿಲ್ಲಿಸುವುದು. ಜನ ಇದ್ದಾಗ ಆಫ್ ಮಾಡುವುದು, ಗೊಂಚಲು ಬಿಟ್ಟು ತಿರುಗಿಸುವುದು. ಜನ ಇಲ್ಲದಾಗ ಕೆಡುತ್ತಿತ್ತು. ಓಡಿಹೋಗಿ ಶಿವಣ್ಣನನ್ನು ಕರೆತಂದರೆ ಆಗುತ್ತಿತ್ತು. ತಿಂಡಿ ರುಚಿಸುತ್ತಿರಲಿಲ್ಲ. ಜಯಮ್ಮ ಸೊಪ್ಪು ಬಿಡಿಸುತ್ತಾ ಏನೋ ಕೇಳಿದರೆ ನಾನು ಎದ್ದು ಕಾರಿನ ಕಡೆ ಹೋಗುತ್ತಿದ್ದೆ. ಗೌಡನಿಗೆ ಕಾರಿನ ಹುಚ್ಚು ಹಿಡಿದಿದೆ ಎಂದು ಊರಿನಲ್ಲಿ ಮಾತಾಯಿತು. ಅದು ನನಗೆ ಬೇಸರ ತರಲಿಲ್ಲ. ಅಷ್ಟು ಹೊತ್ತಿಗೆ ನನಗೆ ದೊಡ್ಡ ಮನುಷ್ಯನಾಗಿ ಸಾಕಾಗಿತ್ತು.

ಒಂದು ಬೆಳಿಗ್ಗೆ ನಾನು ಟೀಗೆ ಇಳಿದಿದ್ದೆ. ಕಾರು ಎಂದಿನ ಜಾಗದಲ್ಲಿ. ಅದರ ಹಿಂದೆ, ಗೋಡೆಗೂ ಕಾರಿಗೂ ನಡುವೆ, ಕೆಂಪಣ್ಣನ ವ್ಯಾನು, ಮೇಲೆ ತುಂಬ ಗೂಡು. ರಾಮನಗರದ ಮಾರ್ಕೆಟ್ಟು ಶುರುವಾಗುವ ಹೊತ್ತು. ತಡವಾಗಿ ಹೋದ ಗೂಡನ್ನು ನೂಲು ತೆಗೆಯುವ ರೀಲರುಗಳು ಮೂಗಿನ ತುದಿಯಲ್ಲಿ ನೋಡುತ್ತಾರೆ.

"ಗೌಡ್ರೆ, ಕಾರ್ ತೆಗೀರಿ, ಹೊತ್ತಾಯ್ತು!" ಎಂದು ಕೆಂಪಣ್ಣ ಕೂಗಿದ.

ನನಗೆ ಯಾಕೋ ಆವತ್ತು ಏಳಲಾಗಲಿಲ್ಲ. "ಕೀ ಅದ್ರಲ್ಲೇ ಐತೆ, ನೀನೇ ತೆಗ್ದುಬುಡು" ಎಂದೆ.

ಅವನು ಹೋಗಿ ಕೂತ. ತಿರುಗಿಸಿದ. ಇಲ್ಲ. ಮತ್ತೆ ತಿರುಗಿಸಿದ. ಇಲ್ಲ. ನಾನು ಲೋಟ ಹಿಡಿದುಕೊಂಡೇ ಎದ್ದು ನಿಂತೆ. ಅವನು ಹಾರನ್ ಹೊಡೆದ, ದೀಪ ಹಾಕಿ ನೋಡಿದ, ಸ್ಟಿಯರಿಂಗಿಗೆ ಗುದ್ದಿದ. "ಏನ್ ಗೌಡ್ರೆ ಇದು ದರಿದ್ರ! ನನ್ ಗೂಡು ಹಾಳಾಯ್ತದೆ!" ಅಂಗಡಿಯವರೆಲ್ಲ ಹೊರಗೆ ಬಂದರು. ಶಿವಣ್ಣ ಸೌಟು ಹಿಡಿದುಕೊಂಡೇ ಬಂದ. ಇಬ್ಬರು ತಳ್ಳಲು ತೋಳು ಮಡಿಸಿದರು.

"ತಳ್ಬೇಡಿ!" ಎಂದು ನಾನು ಕಿರುಚಿದೆ. ನನ್ನ ದನಿ ನನಗೇ ಗುರುತಾಗಲಿಲ್ಲ. "ಕೆಂಪಣ್ಣ, ಆ ಗೊಂಚಲ್ನ ಎಡಗೈಲಿ ಎತ್ತಿ ಹಿಡ್ಕೊ. ಈಗ ತಿರುಗ್ಸು."

ಗುರ್ರ್.

"ಆಫ್ ಮಾಡು. ಬುಡು. ತಿರುಗ್ಸು."

ಸದ್ದಿಲ್ಲ.

"ಎತ್ತು."

ಗುರ್ರ್.

ಕೆಂಪಣ್ಣ ಗೊಂಚಲನ್ನು ಅಂಗೈಯಲ್ಲಿ ಇಟ್ಟುಕೊಂಡು ತೂಗಿ ನೋಡಿದ. "ಇದೇನ್ ಗೌಡ್ರೆ, ಊರ್ನೋರ್ ಬಾಗ್ಲೆಲ್ಲ ಇದ್ರಲ್ಲೇ ಅವಾ? ಇದ್ನ ಮುನೀರನ್ಗೆ ತೋರಿಸ್ಲಿಲ್ವಾ?"

"ಬಿಚ್ಚಿ ಕೊಡ್ತಿದ್ದೆ ಕಣಪ್ಪ," ಎಂದೆ. "ಎಲ್ಲಿ ಅಚ್ಚು ಮಾಡಿಸ್ಕೊತಾನೋ ಅಂತ."

ಎಷ್ಟು ನಕ್ಕರೆಂದರೆ ಶಿವಣ್ಣನ ಟೀ ಉಕ್ಕಿ ಒಲೆ ಆರಿತು. "ಲೇ, ಇವನ್ ಬೀರುನಲ್ಲಿ ಏನ್ಲಾ ಐತೆ, ಹೆಂಡ್ತಿದು ಎರಡು ಸೀರೆ, ಇವಂದೊಂದು ಪಂಚೆ!" ಎಂದು ಅವನು ಸೌಟಿನಿಂದ ನನ್ನ ಕಡೆ ತೋರಿಸಿದ. ನಾನೂ ನಗುತ್ತಿದ್ದೆನೋ ಏನೋ, ಕಣ್ಣಲ್ಲಿ ನೀರು ಬಂದಿತ್ತು. ಆ ಕಥೆ ಗೂಡಿನ ಜೊತೆ ಆವತ್ತೇ ರಾಮನಗರ ಮಾರ್ಕೆಟ್ಟು ಸೇರಿತು. ನನ್ನ ಸುಳ್ಳಿಗಿಂತ ಬೇಗ ಓಡಿತು, ಯಾಕೆಂದರೆ ಇದರಲ್ಲಿ ನಗುವುದಕ್ಕಿತ್ತು. ಈಗಲೂ ಬಸ್ಸಿನಲ್ಲಿ ನನ್ನನ್ನು ಕಂಡವರು ಜೇಬು ಮುಚ್ಚಿಕೊಂಡಂತೆ ಮಾಡುತ್ತಾರೆ. ಮಾಡಲಿ.

ಒಂದೆರಡು ವಾರ ಬಿಟ್ಟು ಸ್ವಿಚ್ಚು ಹಾಕಿಸಲು ಹೋದೆ. ಹೊಂಗೆ ಮರದ ಕೆಳಗೆ ವ್ಯಾನುಗಳಿದ್ದವು, ಕೆಂಪಣ್ಣನದೂ ಇತ್ತು. ನನ್ನ ಎದೆ ಹಗುರವಾಯಿತು. ಹತ್ತಿರ ಹೋದ ಮೇಲೆ ನೋಡಿದೆ, ಕೆಂಪಣ್ಣ ವ್ಯಾನಿನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಮುನೀರನ ಕೈಯನ್ನೇ ನೋಡುತ್ತಿದ್ದ. ಇನ್ನೊಬ್ಬ ಆಟೋದವನೂ ಹಾಗೇ ನಿಂತಿದ್ದ. ಮುಂಚೆ ಇವರು ಗಾಡಿ ಬಿಟ್ಟು, ಹೇಳಿ, ಸಂತೆಗೋ ಸಿನಿಮಾಕ್ಕೋ ಹೋಗಿಬಿಡುತ್ತಿದ್ದರು. ಮುನೀರ ಹೊಸ ಪಾರ್ಟಿನ ಡಬ್ಬವನ್ನು ಅವರ ಕಣ್ಣ ಮುಂದೆ ಹಿಡಿದು, ಅಂಟು ಕಿತ್ತು, ತೆರೆದು ತೋರಿಸಿ, ಆಮೇಲೆ ಹಾಕುತ್ತಿದ್ದ. ಯಾರೂ ಕೇಳಿರಲಿಲ್ಲ. ಯಾರೂ ಬೇಡ ಎಂದೂ ಹೇಳಲಿಲ್ಲ.

ನನ್ನ ಸರದಿ ಬಂತು. ನಾನು ನೋಡಬಾರದೆಂದು ರಸ್ತೆಯ ಕಡೆ ಮುಖ ಮಾಡಿ ಕೂತೆ. ಕೆಲಸ ಮುಗಿಸಿ ಅವನು ಕರೆದ. ಕಾರು ಸ್ಟಾರ್ಟ್ ಮಾಡಿ ತೋರಿಸಿದ. ಆಮೇಲೆ ಬಿಚ್ಚಿದ ಹಳೆಯ ಸ್ವಿಚ್ಚನ್ನು ಒಂದು ಪೇಪರಿನಲ್ಲಿ ಸುತ್ತಿ ನನ್ನ ಮುಂದೆ ಹಿಡಿದ. ಮೊಪೆಡಿನ ಕಾಲದಿಂದ ಇವತ್ತಿನವರೆಗೆ ಅವನು ಹಳೆಯ ಪಾರ್ಟನ್ನು ನನಗೆ ಕೊಟ್ಟಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

"ಬೇಡ ಮುನೀರಾ," ಎಂದೆ, "ನನಗ್ಯಾಕೆ ಇದು."

"ತಗೊಳ್ಳಿ ಗೌಡ್ರೆ" ಎಂದ ಅವನು, ಕೋಪವೇನೂ ಇಲ್ಲದೆ. "ಈಗ ಎಲ್ರಿಗೂ ಕೊಡ್ತೀನಿ."